ನೋವಿಗೆ ಮೆಷೀನು ಬಂತು, ಕ್ಯಾನು ಎತ್ತೋರು ಯಾರು?

‘ಸೊಂಟ ಹಿಡ್ಕೊಂಡಿದೆ ಕಣ್ರೀ, ಬಗ್ಗೋಕಾಗ್ತಿಲ್ಲ’ ಎಂದ ಬಾಯಲ್ಲೇ ‘ಇರಿ, ಕುಕ್ಕರ್ ಕೂಗ್ತು’ ಎಂದು ಎದ್ದು ಓಡುವವರು ನಾವು. ಹೌದು ತಾನೇ? ಎರಡು ವರ್ಷದ ಹಿಂದೆ ನನ್ನದೂ ಇದೇ ಕಥೆ. ಮುಲಾಮು ಹಚ್ಚಿ, ಬಿಸಿನೀರಿನ ಚೀಲ ಇಟ್ಟು, ಮಾತ್ರೆ ನುಂಗಿ ಸಾಕಾಗಿ ಕೂತಿದ್ದಾಗ ಮಗ ಮೊಬೈಲಿನಲ್ಲಿ ಹುಡುಕಿ ಒಂದು ಪುಟ್ಟ ಮೆಷೀನು ತರಿಸಿಕೊಟ್ಟ. ಅಂಗೈಯಗಲದ ಡಬ್ಬಿ, ಎರಡು ವೈರು, ನಾಲ್ಕು ಅಂಟಂಟು ಪ್ಯಾಡು. ಹೆಸರು ‘ಟೆನ್ಸ್’. ‘ಅಮ್ಮಾ, ಇದನ್ನ ಹಾಕ್ಕೊಂಡೇ ಅಡುಗೆ ಮಾಡಬಹುದು ನೋಡು’ ಅಂದ ಮಗರಾಯ. ಆಗ ಆ ಮಾತು ನನಗೂ ಖುಷಿ ಕೊಟ್ಟಿತ್ತು. ಈಗ ನನ್ನ ತಕರಾರು ಇರುವುದೇ ಆ ಮಾತಿನ ಮೇಲೆ.

ಇತ್ತೀಚೆಗೆ ಈ ಮೆಷೀನು ಮನೆಮನೆಗೂ ಬರುತ್ತಿದೆ. ಔಷಧದ ಅಂಗಡಿಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಹಾಗಾಗಿ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳೋಣ.

ಮಂಚದ ಕಾಲಿಗೆ ಮೊಣಕಾಲು ತಾಗಿದರೆ ಏನು ಮಾಡುತ್ತೀರಿ? ಅಂಗೈಯಿಂದ ಗಸಗಸ ಉಜ್ಜುತ್ತೀರಿ. ಒಂದು ಕ್ಷಣ ಹಾಯ್ ಎನಿಸುತ್ತದೆ. ಉಜ್ಜಿದಾಗ ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರತಂತುಗಳು ಚುರುಕಾಗಿ, ನೋವಿನ ಸುದ್ದಿ ತರುವ ಸಣ್ಣ ತಂತುಗಳಿಗೆ ಬೆನ್ನುಹುರಿಯಲ್ಲೇ ಬಾಗಿಲು ಹಾಕಿಸುತ್ತವೆ ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಹೇಳಿದರು. ಆ ಸಿದ್ಧಾಂತಕ್ಕೆ ‘ಗೇಟ್ ಕಂಟ್ರೋಲ್’ ಎಂದೇ ಹೆಸರು. 1967ರಲ್ಲಿ ವಾಲ್ ಅವರು ವಿಲಿಯಂ ಸ್ವೀಟ್ ಎಂಬ ವೈದ್ಯರ ಜೊತೆ ಸೇರಿ, ನರಗಳಿಗೆ ಸಣ್ಣಗೆ ವಿದ್ಯುತ್ ಹಾಯಿಸಿದರೆ ನೋವು ತಾತ್ಕಾಲಿಕವಾಗಿ ತಗ್ಗುತ್ತದೆ ಎಂದು ತೋರಿಸಿದರು. ಆಮೇಲೆ ಆ ಸಿದ್ಧಾಂತಕ್ಕೆ ಸಾಕಷ್ಟು ತಿದ್ದುಪಡಿ ಆಗಿದೆ, ಬಿಡಿ. ಆದರೆ ನಮ್ಮ ಕೈಗೆ ಬಂದಿರುವ ಮೆಷೀನಿನ ಮೂಲ ಅದೇ. ಉಜ್ಜುವ ಅಂಗೈಯ ಕೆಲಸವನ್ನು ಬ್ಯಾಟರಿ ಮಾಡುತ್ತದೆ. (ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಕಾಲು ನೋವಿನವರನ್ನು ವಿದ್ಯುತ್ ಮೀನಿನ ಮೇಲೆ ನಿಲ್ಲಲು ಹೇಳುತ್ತಿದ್ದನಂತೆ. ಪಾಪ, ಮೀನು!)

‘ತಾತ್ಕಾಲಿಕ’ ಅನ್ನುವ ಪದವನ್ನು ಮಾತ್ರ ಮರೆಯಬೇಡಿ. 2022ರಲ್ಲಿ 381 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ದೊಡ್ಡ ಅಧ್ಯಯನ, ಮೆಷೀನು ಹಾಕಿಕೊಂಡಿರುವಾಗ ಮತ್ತು ತೆಗೆದ ತಕ್ಷಣ ನೋವು ಕಡಿಮೆ ಇರುತ್ತದೆ ಎಂದಿತು. ಅಷ್ಟೇ. ಬೆನ್ನಿನ ಕೆಳಭಾಗದ ನೋವಿಗೆ ಇದನ್ನು ಚಿಕಿತ್ಸೆಯಾಗಿ ಕೊಡಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಅಲ್ಲಿನ ವೈದ್ಯರಿಗೆ ಹೇಳಿದೆ. ಮುಟ್ಟಿನ ಹೊಟ್ಟೆನೋವಿನ ವಿಷಯದಲ್ಲಿ ಮಾತ್ರ ಫಲಿತಾಂಶ ಸ್ವಲ್ಪ ಆಶಾದಾಯಕವಾಗಿದೆ. ಹಾಗಂತ ಇದು ಮೋಸ ಎಂದು ನಾನು ಹೇಳುವುದಿಲ್ಲ. ಅರ್ಧ ಗಂಟೆ ಹಾಕಿಕೊಂಡರೆ ನನಗೆ ಎದ್ದು ನಾಲ್ಕು ಹೆಜ್ಜೆ ನಡೆಯುವಷ್ಟು ಹಗುರವಾಗುತ್ತಿತ್ತು. ದಿನಾ ನೋವಿನ ಮಾತ್ರೆ ನುಂಗಿ ಹೊಟ್ಟೆ, ಮೂತ್ರಪಿಂಡ ಹಾಳುಮಾಡಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಒಂದು ಘಟನೆ ಹೇಳಲೇಬೇಕು. ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಬ್ಬರಿದ್ದಾರೆ. ಐವತ್ತೆಂಟು ವಯಸ್ಸು, ಸಕ್ಕರೆ ಕಾಯಿಲೆ ಇದೆ. ‘ಬೆನ್ನಿನ ಮೇಲ್ಭಾಗ, ಎರಡು ಹೆಗಲ ಮಧ್ಯೆ ಹಿಂಡಿದಂಗಾಗ್ತದೆ, ನಿಮ್ಮ ಮೆಷೀನು ಎರಡು ದಿನ ಕೊಡ್ರೀ’ ಅಂದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ ಅಂತಲೂ ಅಂದರು. ‘ವಯಸ್ಸಾಯ್ತಲ್ಲ ನಮಗೂ’ ಎಂದು ನಕ್ಕು, ಪ್ಯಾಡು ಎಲ್ಲಿ ಅಂಟಿಸಬೇಕು ಅಂತ ತೋರಿಸಿಕೊಟ್ಟವಳು ನಾನೇ. ಎರಡು ದಿನ ‘ಪರವಾಗಿಲ್ಲ, ಕಮ್ಮಿ ಇದೆ’ ಎನ್ನುತ್ತಾ ಓಡಾಡಿದರು. ಮೂರನೇ ರಾತ್ರಿ ಮೈಯೆಲ್ಲ ಬೆವರು, ವಾಂತಿ. ಆಸ್ಪತ್ರೆಗೆ ಹೋದರೆ ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು, ಉಳಿದುಕೊಂಡರು. ಈಗ ಸಂಜೆ ನನ್ನ ಜೊತೆಗೇ ವಾಕಿಂಗ್ ಬರುತ್ತಾರೆ. ನನ್ನನ್ನು ಒಂದು ಮಾತೂ ಅಂದಿಲ್ಲ. ಮೆಷೀನು ಅವರ ಹೃದಯಕ್ಕೆ ಏನೂ ಮಾಡಿರಲಿಲ್ಲ, ನಿಜ. ಎರಡು ದಿನ ಸುಮ್ಮನೆ ಕಳೆದುಹೋಗುವಂತೆ ಮಾಡಿತ್ತು.

ಹೃದಯದ ತೊಂದರೆ ಅಂದರೆ ಎದೆ ಹಿಡಿದುಕೊಂಡು ಬೀಳುವುದು ಎಂದು ಸಿನಿಮಾ ನೋಡಿ ಕಲಿತಿದ್ದೇವೆ. ಎದೆನೋವು ಬರುತ್ತದೆ, ಇಲ್ಲವೆಂದಲ್ಲ. ಆದರೆ ಹೆಂಗಸರಲ್ಲಿ ಅದರ ಜೊತೆಗೋ, ಅದಿಲ್ಲದೆಯೋ ಬೆನ್ನು, ದವಡೆ, ಹೆಗಲು ನೋಯಬಹುದು. ಏದುಸಿರು, ವಾಕರಿಕೆ, ವಿಪರೀತ ಸುಸ್ತು ಇರಬಹುದು. ಇಂಥ ನೋವಿನ ಮೇಲೆ ಪ್ಯಾಡು ಅಂಟಿಸಿ ಕೂರಬಾರದು. ಹಾಗೆಯೇ ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಮುಟ್ಟು ನಿಂತ ಮೇಲೆ ಎಲ್ಲೋ ಜಾರಿಬಿದ್ದು ನೋವು ಶುರುವಾಗಿದ್ದರೆ ಆಗಲೂ ಮೊದಲು ಡಾಕ್ಟರು, ಆಮೇಲೆ ಮೆಷೀನು.

ಪೇಸ್‌ಮೇಕರ್ ಇದ್ದವರು ಇದನ್ನು ಮುಟ್ಟಲೇಬಾರದು. ಮೂರ್ಛೆ ರೋಗದವರು, ಕ್ಯಾನ್ಸರ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬೇಡಿ. ಕತ್ತಿನ ಮುಂಭಾಗ, ತಲೆ, ಕಣ್ಣಿನ ಹತ್ತಿರ, ಎದೆ, ಗಾಯವಾದ ಚರ್ಮ, ಸ್ಪರ್ಶ ತಿಳಿಯದ ಜಾಗ ಇಲ್ಲೆಲ್ಲ ಅಂಟಿಸುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ನೆನಪಿಡಿ. ಸ್ಕೂಟಿ ಓಡಿಸುವಾಗ, ಸ್ನಾನ ಮಾಡುವಾಗ, ಮಲಗಿ ನಿದ್ದೆ ಹೋಗುವಾಗ ಬೇಡ. ಪ್ಯಾಡನ್ನು ಬೆನ್ನುಮೂಳೆಯ ಮೇಲೆ ಅಲ್ಲ, ಅದರ ಎರಡೂ ಪಕ್ಕ, ಒಂದಕ್ಕೊಂದು ತಾಗದಂತೆ ಅಂಟಿಸಬೇಕು. ಜುಮುಜುಮು ಅನಿಸಬೇಕೇ ಹೊರತು ಚುಚ್ಚಬಾರದು, ಸ್ನಾಯು ಎಳೆಯಬಾರದು. ‘ಜಾಸ್ತಿ ಇಟ್ರೆ ಬೇಗ ವಾಸಿಯಾಗುತ್ತೆ’ ಅಂತ ಗುಂಡಿ ಒತ್ತಿ ಚರ್ಮ ಸುಟ್ಟುಕೊಳ್ಳಬೇಡಿ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಹೊಟ್ಟೆ ಕರಗಿಸುವ ಬೆಲ್ಟು, ಚಿಟ್ಟೆಯಾಕಾರದ ಮಸಾಜರ್ ಎಂದೆಲ್ಲ ಮಾರುತ್ತಾರಲ್ಲ, ಅದನ್ನೇ ಇದು ಅಂದುಕೊಳ್ಳಬೇಡಿ.

ಈಗ ಮಗನ ಮಾತಿಗೆ ಬರುತ್ತೇನೆ. ‘ಹಾಕ್ಕೊಂಡೇ ಅಡುಗೆ ಮಾಡಬಹುದು.’ ಅಲ್ಲಾ ಕಣ್ರೀ, ನಮ್ಮ ನೋವಿಗೆ ಮನೆಯವರು ಹುಡುಕುವ ಪರಿಹಾರವೆಲ್ಲ ನಮ್ಮನ್ನು ಮತ್ತೆ ಅಡುಗೆಮನೆಗೆ ಕಳಿಸುವಂಥದ್ದೇ ಯಾಕಿರುತ್ತೆ? ನೋವು ತಗ್ಗಿತು ಅಂತ ನಾನು ಮಾಡಿದ್ದೇನು ಗೊತ್ತೇ? ಮುಂದೂಡಿದ್ದ ಕೆಲಸವನ್ನೆಲ್ಲ ಒಂದೇ ದಿನ ಮುಗಿಸಿದೆ. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ಕೊನೆಗೆ ಫಿಸಿಯೋಥೆರಪಿ ಮಾಡುವ ಹುಡುಗಿಯ ಹತ್ತಿರ ಹೋದೆ. ಮೆಷೀನಿನ ಬಗ್ಗೆ ಅವಳು ಕೇಳಲೇ ಇಲ್ಲ. ‘ಆಂಟಿ, ಬೆಳಿಗ್ಗೆಯಿಂದ ಏನೇನು ಎತ್ತುತ್ತೀರಿ?’ ಅಂದಳು. ಲೆಕ್ಕ ಹಾಕಿದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಒದ್ದೆ ಬಟ್ಟೆಯ ಬಕೆಟ್ಟು, ಅದೂ ಟೆರೇಸಿನವರೆಗೆ. ಗ್ಯಾಸ್ ಸಿಲಿಂಡರು, ಗ್ಯಾಸೇ 14.2 ಕೆ.ಜಿ., ಖಾಲಿ ಸಿಲಿಂಡರಿನದು ಹೆಚ್ಚುಕಮ್ಮಿ ಅಷ್ಟೇ ಭಾರ. ಮೂವತ್ತು ಕೆ.ಜಿ.ಯನ್ನು ಬಗ್ಗಿ ಎಳೆದು, ಮೇಲೆ ಟೆನ್ಸ್ ಹಾಕಿಕೊಳ್ಳುತ್ತಿದ್ದೆ! ಅವಳು ನಾಲ್ಕು ವ್ಯಾಯಾಮ ಬರೆದುಕೊಟ್ಟಳು. ನಾನು ಮನೆಗೆ ಬಂದು ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ: ಸಿಲಿಂಡರು ಅಪ್ಪ, ಕ್ಯಾನು ಮಗ, ಬಟ್ಟೆ ಒಣಗಿಸುವುದು ಇಬ್ಬರೂ. ಮೊದಲ ವಾರ ಮುಖ ಊದಿಸಿಕೊಂಡರು. ಎರಡು ಸಲ ಕುಡಿಯುವ ನೀರಿಲ್ಲದೆ ಕೂತರು. ಸುಮ್ಮನಿದ್ದೆ. ಬೆನ್ನು ನೋಯುತ್ತಿದ್ದರೂ ಇದು ಮಾತ್ರ ನೋಡೋಕೆ ಮಜಾ ಇತ್ತು.

ನೀವೂ ಮೆಷೀನು ಕೊಳ್ಳಿ, ಬೇಡ ಅನ್ನುವುದಿಲ್ಲ. ಅದನ್ನು ಹಾಕಿಕೊಂಡ ಅರ್ಧ ಗಂಟೆ ಕುರ್ಚಿಯಲ್ಲಿ ಕೂತಿರಿ. ಒಲೆಯ ಮುಂದೆ ವೈರು ಜೋತುಬಿಟ್ಟುಕೊಂಡು ಒಗ್ಗರಣೆ ಹಾಕಬೇಡಿ. ‘ಅಮ್ಮ ಈಗ ಮೆಷೀನು ಹಾಕ್ಕೊಂಡಿದ್ದಾಳೆ’ ಅಂದರೆ ಆ ಅರ್ಧ ಗಂಟೆ ಅಮ್ಮನನ್ನು ಕರೆಯುವ ಹಾಗಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ನನ್ನ ನೋವು ಮುಕ್ಕಾಲು ಪಾಲು ಹೋಗಿದೆ. ವ್ಯಾಯಾಮದಿಂದಲೋ ಕ್ಯಾನಿನಿಂದಲೋ ಹೇಳೋಕಾಗಲ್ಲ, ನನ್ನ ಓಟು ಕ್ಯಾನಿಗೆ. ಮೆಷೀನು ಈಗ ಹೆಚ್ಚಾಗಿ ಮಗಳ ಹತ್ತಿರವೇ ಇರುತ್ತದೆ, ತಿಂಗಳ ಆ ಎರಡು ದಿನಕ್ಕೆ. ಅವಳಿಗೆ ಬೇರೆ ಪ್ಯಾಡು, ನನಗೆ ಬೇರೆ. ಒಬ್ಬರದು ಒಬ್ಬರು ಬಳಸಬಾರದು. ನನ್ನದರ ಅಂಟು ಹೋಗಿ ತಿಂಗಳಾಯಿತು. ಹೊಸದು ತರಿಸಬೇಕು ಅಂದುಕೊಳ್ಳುತ್ತಲೇ ಇದ್ದೇನೆ, ನೆನಪಾಗುತ್ತಿಲ್ಲ.