ಗೃಹಾರೋಗ್ಯ: ಚೀಲದೊಳಗಿನ ಚೀಟಿಗಳು

ನಮ್ಮ ಗೃಹಸ್ಥರ ಮನೆಗಳಲ್ಲಿ ಗೋಡೆಯ ಮೊಳೆಗೆ ತೂಗುಹಾಕಿದ ಬಟ್ಟೆಯ ಚೀಲವೊಂದು ಸಾಮಾನ್ಯವಾಗಿ ಇದ್ದೇ ಇರುವುದು. ವೈದ್ಯರು ಬರೆದುಕೊಟ್ಟ ಔಷಧದ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಎಕ್ಸ್‌ರೇ ಪಟಗಳು ವರ್ಷಗಟ್ಟಲೆ ಅದರೊಳಗೆ ಸೇರಿಕೊಂಡಿರುವುವು. ಅವಸರದ ವೇಳೆಯಲ್ಲಿ ಬೇಕಾದ ಕಾಗದವೊಂದನ್ನುಳಿದು ಮಿಕ್ಕೆಲ್ಲವೂ ಕೈಗೆ ಸಿಕ್ಕುವುದು ವಾಚಕರು ಅನುಭವದಿಂದ ಬಲ್ಲ ಸಂಗತಿಯೇ. ಈ ತಿಂಗಳು ಆ ಚೀಲದ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯುವೆವು.

ಇದು ಬರಿಯ ಅನುಕೂಲದ ಮಾತಲ್ಲ. ಹಿರಿಯರೊಬ್ಬರಿಗೆ ಹೃದ್ರೋಗದ ವೈದ್ಯರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಮಾತ್ರೆಯನ್ನು ಕೊಟ್ಟಿರುವರೆಂದು ಇಟ್ಟುಕೊಳ್ಳೋಣ. ಕೆಲವು ತಿಂಗಳ ತರುವಾಯ ಅವರು ಮಂಡಿನೋವಿಗಾಗಿ ಬೇರೊಂದು ಆಸ್ಪತ್ರೆಗೆ ಹೋಗುವರು. ಅಲ್ಲಿಯ ವೈದ್ಯರು ಮೊದಲಿನ ಚೀಟಿಯನ್ನು ಕಾಣದೆ ಡೈಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಯನ್ನು ಬರೆದರೆ, ಎರಡೂ ಕೂಡಿ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಪ್ರಾಣಕ್ಕೇ ಅಪಾಯವುಂಟಾಗಬಹುದು. ಇಬ್ಬರೂ ತಮ್ಮ ಮುಂದಿದ್ದ ಕಾಗದಕ್ಕೆ ತಕ್ಕಂತೆಯೇ ಬರೆದರು. ಎರಡು ಕಾಗದಗಳು ಒಂದೆಡೆ ಸೇರದೆಹೋದುದೇ ಕೇಡಾಯಿತು.

ಸೇರಿಸುವ ಕೆಲಸವು ಕಾಣುವಷ್ಟು ಸುಲಭವಲ್ಲ. ನಮ್ಮಲ್ಲಿ ಒಬ್ಬರ ಹೆಸರು ಒಂದು ಕಡೆ ಊರಿನ ಹೆಸರಿನೊಡನೆಯೂ, ಇನ್ನೊಂದು ಕಡೆ ತಂದೆಯ ಹೆಸರಿನೊಡನೆಯೂ ಇರುವುದುಂಟು. ಲಕ್ಷ್ಮಮ್ಮನೆಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುವರು. ಎಷ್ಟೋ ಹಿರಿಯರ ಜನ್ಮದಿನವೆಂದರೆ ಶಾಲೆಗೆ ಸೇರಿಸುವಾಗ ಉಪಾಧ್ಯಾಯರು ಅಂದಾಜಿನಿಂದ ಬರೆದುಕೊಂಡ ತಾರೀಖೇ ಹೊರತು ಬೇರೆಯಲ್ಲ. ಹೀಗಿರಲು ಒಬ್ಬರ ದಾಖಲೆ ಎರಡಾಗಿ ಒಡೆಯಬಹುದು. ಅದಕ್ಕಿಂತಲೂ ಭಯಂಕರವಾಗಿ, ಇಬ್ಬರ ದಾಖಲೆ ಒಂದರಲ್ಲಿ ಬೆರೆಯಬಹುದು.

ಈ ತೊಡಕನ್ನು ಬಿಡಿಸಲೆಂದೇ ಭಾರತ ಸರ್ಕಾರವು ಒಂದು ಯೋಜನೆಯನ್ನು 2020ರ ಆಗಸ್ಟ್ 15ರಂದು ಘೋಷಿಸಿ, ಮೊದಲು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪರೀಕ್ಷಿಸಿತು. 2021ರ ಸೆಪ್ಟೆಂಬರ್ 27ರಂದು ಅದನ್ನೇ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ವಿಸ್ತರಿಸಿತು. ಇದರಲ್ಲಿ ಇಚ್ಛೆಯುಳ್ಳವರಿಗೆ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ ದೊರೆಯುವುದು. ದಾಖಲೆಗಳೆಲ್ಲವನ್ನೂ ಒಂದೇ ಉಗ್ರಾಣದಲ್ಲಿ ರಾಶಿಹಾಕುವ ಏರ್ಪಾಡು ಇದಲ್ಲ. ಅವು ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರುವುವು. ರೋಗಿಯು ಒಪ್ಪಿದಾಗ ಮಾತ್ರ ಮತ್ತೊಬ್ಬ ವೈದ್ಯರ ಕಣ್ಣಿಗೆ ಬೀಳುವುವು. ಚಿಕಿತ್ಸೆಯ ವೆಚ್ಚಕ್ಕೆ ನೆರವಾಗುವ ಆಯುಷ್ಮಾನ್ ಕಾರ್ಡೇ ಬೇರೆ, ಈ ಸಂಖ್ಯೆಯೇ ಬೇರೆ ಎಂಬುದನ್ನು ವಾಚಕರು ಮರೆಯಬಾರದು.

ಒಪ್ಪಿಗೆಯೆಂಬ ಮಾತಿನಲ್ಲಿಯೇ ಗೃಹಸ್ಥನ ಹೊಣೆ ಅಡಗಿರುವುದು. ಯಾರು ಕೇಳುತ್ತಿರುವರು, ಯಾವ ಉದ್ದೇಶಕ್ಕೆ, ಯಾವ ದಾಖಲೆ, ಎಷ್ಟು ಕಾಲ ಎಂಬುದನ್ನೆಲ್ಲ ಒಪ್ಪಿಗೆಯ ಕೋರಿಕೆಯಲ್ಲಿ ತಿಳಿಸಿರುವರು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂ ಬರುವುದು. ಆದರೆ ಒಮ್ಮೆ ಕಂಡದ್ದನ್ನು ಕಾಣದಂತೆ ಮಾಡುವುದು ಯಾರಿಂದಲೂ ಆಗದು. ಮನಸ್ಸಿನ ವ್ಯಾಧಿ, ಗರ್ಭಸಂಬಂಧವಾದ ಚಿಕಿತ್ಸೆ ಮೊದಲಾದವುಗಳನ್ನು ಹಲ್ಲಿನ ವೈದ್ಯರಿಗೆಲ್ಲ ತೋರಿಸಬೇಕಾದ ಅಗತ್ಯವು ಸಾಮಾನ್ಯವಾಗಿ ಇರಲಾರದು. ನೂಕುನುಗ್ಗಲಿನಲ್ಲಿ ಮೊಬೈಲಿಗೆ ಬಂದ ಓಟಿಪಿಯನ್ನು ಕೇಳಿದವರಿಗೆ ಓದಿಹೇಳುವುದು ಬೀಗದ ಕೈಯನ್ನು ಬೀದಿಯಲ್ಲಿಟ್ಟು ಬಂದಂತೆಯೇ ಸರಿ. ವೃದ್ಧರ ಪರವಾಗಿ ಮಕ್ಕಳು ಮೊಬೈಲನ್ನು ಹಿಡಿದಿರುವಲ್ಲಿ, ಅವರನ್ನು ಕೇಳಿಯೇ ಒಪ್ಪಿಗೆಯನ್ನು ಕೊಡತಕ್ಕದ್ದು. ಶರೀರವು ಅವರದು.

ಇಷ್ಟಾದರೂ ಚೀಲವನ್ನು ಈಗಲೇ ಬಿಸಾಡುವಂತಿಲ್ಲ. ಯೋಜನೆಗೆ ಸೇರದ ಔಷಧಾಲಯದ ದಾಖಲೆಯು ಸಂಖ್ಯೆಯಿದ್ದ ಮಾತ್ರಕ್ಕೆ ಬಾರದು. ಹಳೆಯ ಕೈಬರಹದ ಚೀಟಿಯೂ ತಾನಾಗಿ ಬಂದು ಸೇರದು. ಆದುದರಿಂದ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಹಾಳೆಯನ್ನಿಟ್ಟು, ಈಗ ಸೇವಿಸುತ್ತಿರುವ ಔಷಧಗಳು, ಅವುಗಳ ಪ್ರಮಾಣ, ದೇಹಕ್ಕೆ ಒಗ್ಗದ ಔಷಧಗಳು, ಆಗಿರುವ ಶಸ್ತ್ರಚಿಕಿತ್ಸೆಗಳು ಇಷ್ಟನ್ನು ಬರೆದು ಚೀಲದ ಮೇಲ್ಭಾಗದಲ್ಲಿಡಿರಿ. ಔಷಧ ಬದಲಾದ ದಿನವೇ ಹಾಳೆಯನ್ನೂ ತಿದ್ದಿರಿ. ಹೊಸ ವೈದ್ಯರ ಮುಂದೆ ಕುಳಿತಾಗ, ಅವರು ಕೇಳುವ ಮೊದಲೇ ಅದನ್ನು ಅವರ ಕೈಗೆ ಕೊಡಿರಿ. ಮಂಡಿನೋವಿನ ಆ ಹಿರಿಯರ ಪ್ರಾಣವನ್ನು ಉಳಿಸಲು ಅಷ್ಟೇ ಸಾಕಾಗಿತ್ತು.