ಬೀಳುವವರು ವೃದ್ಧರು, ಬೀಳಿಸುವುದು ಯಾವುದು?

ಕೃಷ್ಣರಾಜನಗರದ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ, "ವಯಸ್ಸಾಗಿತ್ತು, ಬಿದ್ದಳು" ಎಂದು ಊರು ಸುಮ್ಮನಾಗುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಅತಿ ಹೆಚ್ಚಿನ ಸಾವು 60 ದಾಟಿದವರಲ್ಲಿಯೇ. ಬಚ್ಚಲ ಪಾಚಿ, ಮಂದಗಣ್ಣು, ಸವೆದ ಮೊಣಕಾಲು ಇದಕ್ಕೆ ಕಾರಣಗಳೇ ಹೌದು. ಒಂಟಿತನ ಮತ್ತು ಕುಗ್ಗಿದ ಮನಸ್ಸಿಗೂ ಇದರಲ್ಲಿ ಪಾಲುಂಟೆಂದು ವೈದ್ಯಶಾಸ್ತ್ರ ಇಂದು ಹೇಳುತ್ತಿದೆ.

ಹೇಗೆ? ಮಾತಿಗೆ ಜನವಿಲ್ಲದವರಿಗೆ ಊಟ ಸೇರದು. ಒಬ್ಬರಿಗಾಗಿ ಒಲೆ ಹಚ್ಚುವುದೇಕೆಂದು ಬೆಳಗಿನ ಮುದ್ದೆಯನ್ನೇ ರಾತ್ರಿಗೂ ಇಟ್ಟುಕೊಳ್ಳುತ್ತಾರೆ. ಕಾಲಿನ ಕಸುವು ಸೊರಗುತ್ತದೆ. ನಿದ್ದೆ ಕೆಡುತ್ತದೆ, ಹೆಜ್ಜೆ ಎಳೆಯುತ್ತದೆ, ಹೊಸಲಿನ ಮೇಲೆ ಗಮನ ನಿಲ್ಲದು. ನಿದ್ದೆಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳೂ ತೂಕಡಿಕೆ ತಂದು ಅಪಾಯ ಹೆಚ್ಚಿಸಬಲ್ಲವು. ಹಾಗೆಂದು ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು. ಒಮ್ಮೆ ಬಿದ್ದವರು ಹೆದರಿ ಜಗಲಿ ಇಳಿಯುವುದನ್ನೇ ಬಿಡುತ್ತಾರೆ. ಕಾಲು ಇನ್ನಷ್ಟು ಸೋಲುತ್ತದೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಮತ್ತೆ ಬೀಳುವ ದಿನ ಹತ್ತಿರವಾಗುತ್ತದೆ.

ಈ ಒಂಟಿತನವನ್ನು ಹಣೆಬರಹವೆನ್ನಲು ಬಾರದು. ಕಾವೇರಿ ನಾಲೆಗಳ ಬಯಲಿನಲ್ಲಿ ಭತ್ತ ಬೆಳೆದವನ ಮಗ, ಬೇಸಾಯ ಗಿಟ್ಟದೆ ಮೈಸೂರು, ಬೆಂಗಳೂರಿಗೆ ದುಡಿಯಲು ಹೋಗುತ್ತಾನೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆಯಲ್ಲೂ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲೂ ಇದೇ ಪಾಡು. ಮಗನನ್ನು ಶಪಿಸಿ ಫಲವಿಲ್ಲ. 2007ರ ಕಾಯಿದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು, ಸಂಜೆಯ ನಾಲ್ಕು ಮಾತು ಕೊಡಿಸಲಾರದು. 60ರಿಂದ 79 ವರ್ಷದ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 2006ರಲ್ಲಿ ತಿಂಗಳಿಗೆ 200 ರೂಪಾಯಿ ಆಯಿತು. 2024ರಲ್ಲಿಯೂ ಅಷ್ಟೇ ಇತ್ತು. ಕೋಲೂರಲು ಸಾಲದ ಈ ಹಣದಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸುವವರಾರು?

ನಮ್ಮ ಬೇಡಿಕೆ ದೊಡ್ಡದಲ್ಲ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ "ಈ ವರ್ಷ ಬಿದ್ದಿದ್ದಿರಾ ಅಜ್ಜಿ? ಮನಸ್ಸು ಹೇಗಿದೆ?" ಎಂದೂ ಕೇಳುವಂತಾಗಲಿ; ಅದಕ್ಕೆ ತಕ್ಕ ಕೂಲಿಯೂ ಆಕೆಗೆ ಸಿಗಲಿ. ಪಂಚಾಯಿತಿಯು ಅರಳಿಕಟ್ಟೆಗೆ ಹತ್ತಲು ಮೆಟ್ಟಿಲು, ಬೀದಿಗೆ ದೀಪ, ವೃದ್ಧರು ಕೂಡಲು ಒಂದು ಕೊಠಡಿ ಒದಗಿಸಲಿ. ಕಾಲಿಗೆ ಬಲ, ಮೈಗೆ ಸಮತೋಲ ಕೊಡುವ ವ್ಯಾಯಾಮದಿಂದ ಬೀಳುವುದು ಕಡಿಮೆಯಾಗುತ್ತದೆಂಬುದು ಸಿದ್ಧವಾದ ಸಂಗತಿ. ಹತ್ತು ಮಂದಿ ಕೂಡಿ ಮಾಡಿದರೆ ಒಂಟಿತನಕ್ಕೂ ಅದೇ ಮದ್ದು. ಹಿರಿಯರ ನೆರವಿಗೆ 14567, ಮನಸ್ಸಿನ ನೋವಿಗೆ 14416 ಎಂಬ ದೂರವಾಣಿಗಳಿವೆಯೆಂದು ಪ್ರತಿ ಹಳ್ಳಿಯ ಗೋಡೆಯೂ ಹೇಳಲಿ.

ಈ ನಾಡಿನ ಗದ್ದೆಗಳನ್ನು ಉತ್ತ ಕಾಲುಗಳು ಅವು. ಅವು ತತ್ತರಿಸುವಾಗ ಹೆಗಲು ಕೊಡುವುದು ಊರು ತೀರಿಸಬೇಕಾದ ಸಾಲ.