ಹೆಸರಿಲ್ಲದ ಲೇಖನ

ಈ ಸಂಚಿಕೆಯ ಲೇಖನಗಳಲ್ಲಿ ಒಂದಕ್ಕೆ ಲೇಖಕರ ಹೆಸರಿಲ್ಲ. ಅದೇಕೆಂದು ಸಹೃದಯ ಓದುಗರು ಕೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ಸಂಪಾದಕರ ಅನುಮತಿಯೊಂದಿಗೆ ಇದನ್ನು ಬರೆಯುತ್ತಿದ್ದೇನೆ.

ಬರೆದವನು ಧಾರಾವಿಯ ನಮ್ಮ ಗಲ್ಲಿಯಲ್ಲೇ ಬೆಳೆದ ಹುಡುಗ. ಕಲಬುರ್ಗಿಯ ಕಡೆಯಿಂದ ಬಂದು ಗಾರೆ ಕೆಲಸದಲ್ಲಿ ಬಾಳು ಸವೆಸಿದ ತಂದೆತಾಯಿಗಳ ಮಗ. ನಾನು ಪಾಠ ಹೇಳುತ್ತಿದ್ದ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಎಂ.ಎ. ಮುಗಿಸಿ, ಈಗ ಉಪನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಾನೆ. (ಗುರುತು ಸಿಗದಿರಲೆಂದು ಊರು, ವಿಷಯಗಳನ್ನು ಕೊಂಚ ಬದಲಿಸಿದ್ದೇನೆ, ಓದುಗರು ಮನ್ನಿಸಬೇಕು.) ಕೆಲಸ ತಾಸಿನ ಲೆಕ್ಕದ್ದು, ಒಳನಾಡಿನಲ್ಲಿ ಅತಿಥಿ ಉಪನ್ಯಾಸಕ ಎನ್ನುತ್ತಾರಲ್ಲ, ಅದೇ. ವರ್ಷಗಟ್ಟಲೆ ದುಡಿದರೂ ಅತಿಥಿಯಾಗಿಯೇ ಉಳಿಯುವ ಈ ಆತಿಥ್ಯ ಬೇರಾವ ಮನೆಯಲ್ಲೂ ಕಾಣಸಿಗದು. ಧಾರಾವಿಯ ಪುನರ್ವಿಕಾಸದಲ್ಲಿ ಮೇಲಂತಸ್ತಿನ ಬಾಡಿಗೆದಾರರ ಗತಿಯೇನೆಂಬುದು ಅವನ ಲೇಖನದ ಪ್ರಶ್ನೆ. ಅದರಲ್ಲಿ ಬೈಗುಳವಿಲ್ಲ, ಲೆಕ್ಕವಿದೆ. ಕರಡು ತಿದ್ದುವ ಹೊತ್ತಿಗೆ ಬಂದು, "ಸರ್, ಲೇಖನ ಹಾಕ್ರಿ. ಆದ್ರ ನನ್ನ ಹೆಸರು ಬ್ಯಾಡ್ರಿ" ಎಂದ. ಏಕೆಂದು ಕೇಳಿದೆ. "ಯಾರೂ ಏನೂ ಅಂದಿಲ್ರಿ. ಜೂನ್‌ನಾಗ ಆರ್ಡರ್ ಬರಬೇಕಲ್ರಿ" ಎಂದ.

ನನ್ನನ್ನು ಕಾಡಿದ್ದು ಆ ಮೊದಲ ಮಾತು. ಯಾರೂ ಏನೂ ಅಂದಿಲ್ಲ. ಬೆದರಿಸುವವರ ಅಗತ್ಯವೇ ಇಲ್ಲದಂತಹ ಒಂದು ಏರ್ಪಾಡನ್ನು ನಾವು ಕಟ್ಟಿಕೊಂಡಿದ್ದೇವೆ. ಅಧ್ಯಾಪಕರ ವಾಕ್‌ಸ್ವಾತಂತ್ರ್ಯದ ವಿಷಯ ಬಂದಾಗಲೆಲ್ಲ ಸಂವಿಧಾನದ 19ನೆಯ ವಿಧಿಯನ್ನು ನೆನೆಯುತ್ತೇವೆ. ನೇಮಕಾತಿಯ ಪತ್ರವನ್ನು ಮರೆಯುತ್ತೇವೆ.

ನಾಲಗೆಗೂ ನೌಕರಿಗೂ ಇರುವ ಈ ನಂಟು ಮುಂಬಯಿಗೆ ಹೊಸದಲ್ಲ. ಡಾ. ಅಂಬೇಡ್ಕರರು 1918ರಲ್ಲಿ ಇಲ್ಲಿನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಹೊರಟಾಗ ಸಂಪಾದಕರೆಂದು ಅವರ ಹೆಸರಿರಲಿಲ್ಲ, ಪಾಂಡುರಂಗ ಭಟ್ಕರ್ ಅವರ ಹೆಸರಿತ್ತು. ಸರ್ಕಾರಿ ಕಾಲೇಜಿನಲ್ಲಿ ಕೆಲಸದಲ್ಲಿದ್ದವರು ಬಹಿರಂಗವಾಗಿ ಸಂಪಾದಕರಾಗುವಂತಿರಲಿಲ್ಲ. ಮೂಕರಿಗೆ ದನಿಯಾಗಲು ಹೊರಟವರೇ ತಮ್ಮ ಹೆಸರನ್ನು ಮರೆಯಲ್ಲಿಡಬೇಕಾಯಿತು.

ಅಂಬೇಡ್ಕರರು ಅದಕ್ಕೂ ಮೊದಲು ವಿದ್ಯಾರ್ಥಿಯಾಗಿದ್ದ ನ್ಯೂಯಾರ್ಕ್ ನಗರದಲ್ಲಿ ಇದೇ ಪ್ರಶ್ನೆಯ ಕುರಿತು ದೊಡ್ಡ ಜಿಜ್ಞಾಸೆ ನಡೆದಿತ್ತು. 1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ರಾಸ್ ತನ್ನ ರಾಜಕೀಯ ಭಾಷಣಗಳಿಗಾಗಿ, ಸಂಸ್ಥಾಪಕರ ಮನೆಯೊಡತಿಯ ಮುನಿಸಿಗೆ ಗುರಿಯಾಗಿ ಹೊರಬೀಳಬೇಕಾಯಿತು. ಅಂತಹ ಪ್ರಕರಣಗಳ ಕಹಿ ನೆನಪಿನಲ್ಲಿ 1915ರಲ್ಲಿ ಅಮೆರಿಕದ ಪ್ರಾಧ್ಯಾಪಕರು ತಮ್ಮದೇ ಸಂಘ ಕಟ್ಟಿಕೊಂಡರು. ಅದರ ಮೊದಲ ಅಧ್ಯಕ್ಷ ಜಾನ್ ಡ್ಯೂಯಿ. ಅಧ್ಯಾಪಕರ ಸ್ವಾತಂತ್ರ್ಯದ ಘೋಷಣೆಯನ್ನು ರೂಪಿಸಿದ ಸಮಿತಿಯ ಮುಖ್ಯಸ್ಥ ಸೆಲಿಗ್‌ಮನ್. ಇಬ್ಬರೂ ಕೊಲಂಬಿಯಾದಲ್ಲಿ ಅಂಬೇಡ್ಕರರ ಗುರುಗಳು. ಆ ಹಿರಿಯರು ಕಂಡುಕೊಂಡ ಸತ್ಯ ಸರಳವಾದದ್ದು: ಕೆಲಸದ ಭದ್ರತೆಯಿಲ್ಲದೆ ಮಾತಿನ ಸ್ವಾತಂತ್ರ್ಯವಿಲ್ಲ, ಅಧ್ಯಾಪಕ ತಪ್ಪಿದನೇ ಎಂಬುದನ್ನು ಹಣ ಕೊಟ್ಟವರು ತೀರ್ಮಾನಿಸಬಾರದು, ಆ ವಿದ್ಯೆ ಬಲ್ಲವರು ತೀರ್ಮಾನಿಸಬೇಕು.

ನಮ್ಮಲ್ಲಿ ತೀರ್ಮಾನಿಸುವವರು ಯಾರು? 2019ರ ಮಾರ್ಚ್‌ನಲ್ಲಿ ವಿಜಯಪುರದ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೊಬ್ಬರನ್ನು, ಬಾಲಾಕೋಟ್ ದಾಳಿಯ ಹೊತ್ತಿನಲ್ಲಿ ಫೇಸ್‌ಬುಕ್‌ನಲ್ಲಿ ಬರೆದ ಮಾತಿಗಾಗಿ, ವಿದ್ಯಾರ್ಥಿಗಳ ಗುಂಪು ಮೊಣಕಾಲೂರಿಸಿ ಕ್ಷಮೆ ಕೇಳಿಸಿತು. ಆ ಕಾಲೇಜಿಗಿರುವುದು ವಚನದ ಹಸ್ತಪ್ರತಿಗಳಿಗಾಗಿ ಮನೆಮನೆ ಅಲೆದ ಫ.ಗು. ಹಳಕಟ್ಟಿಯವರ ಹೆಸರು. ಸುದ್ದಿ ನಮ್ಮ ಗಲ್ಲಿಗೂ ಬಂದಿತ್ತು. ಮಾತಿನ ಸರಿತಪ್ಪನ್ನು ಚರ್ಚಿಸಿದವರು ಹಲವರು. ಶಿಷ್ಯರೆದುರು ಗುರು ಮೊಣಕಾಲೂರಿದ್ದನ್ನು ಕುರಿತು ಮಾತನಾಡಿದವರು ಕಡಮೆ.

ಮರುವರ್ಷವೇ, 2020ರ ಜನವರಿಯಲ್ಲಿ, ಧಾರಾವಿಯಿಂದ ಮಿಠಿ ನದಿ ದಾಟಿದರೆ ಸಿಗುವ ಕಲೀನಾದಲ್ಲಿ ಇನ್ನೊಂದು ಪ್ರಕರಣ. ಮುಂಬಯಿ ವಿಶ್ವವಿದ್ಯಾಲಯದ ನಾಟ್ಯಕಲಾ ಅಕಾಡೆಮಿಯ ನಿರ್ದೇಶಕ ಯೋಗೇಶ್ ಸೋಮನ್ ಅವರು ಸಾವರ್ಕರ್ ವಿಷಯದಲ್ಲಿ ರಾಹುಲ್ ಗಾಂಧಿಯವರನ್ನು ಟೀಕಿಸಿ ವಿಡಿಯೊ ಮಾಡಿದ್ದರು. ವಿದ್ಯಾರ್ಥಿ ಸಂಘಟನೆಗಳು ಧರಣಿ ಕುಳಿತವು, ವಿಶ್ವವಿದ್ಯಾಲಯ ಅವರನ್ನು ಕಡ್ಡಾಯ ರಜೆಯ ಮೇಲೆ ಕಳುಹಿಸಿತು. ಪಾಠ ಸರಿಯಾಗಿ ನಡೆಯುತ್ತಿಲ್ಲವೆಂಬ ದೂರೂ ಜೊತೆಗಿತ್ತೆಂಬುದನ್ನು ಹೇಳಬೇಕು. ಅದನ್ನು ಬೇರೆಯಾಗಿ ವಿಚಾರಿಸಬೇಕಿತ್ತು. ವಿಜಯಪುರದ ಘಟನೆಗೆ ಕೆರಳಿದ ನನ್ನ ಮಿತ್ರರು ಕಲೀನಾದ ಸುದ್ದಿಗೆ ನಕ್ಕರು. ವಿಜಯಪುರಕ್ಕೆ ಸುಮ್ಮನಿದ್ದವರು ಕಲೀನಾಕ್ಕೆ ವಾಕ್‌ಸ್ವಾತಂತ್ರ್ಯದ ಮಾತೆತ್ತಿದರು. ನಾನು? ನಕ್ಕವರ ಸಾಲಿನಲ್ಲಿದ್ದೆ. ಇಂದು ಅದಕ್ಕೆ ನಾಚಿಕೆಪಡುತ್ತೇನೆ.

ಕಾನೂನು ನೆರವಿಗೆ ಬರುವುದಿಲ್ಲವೆಂದಲ್ಲ. ಕೊಲ್ಹಾಪುರದ ಕಾಲೇಜೊಂದರ ಕಾಶ್ಮೀರಿ ಪ್ರಾಧ್ಯಾಪಕ ಜಾವೇದ್ ಅಹ್ಮದ್ ಹಜಮ್ ಅವರು 370ನೆಯ ವಿಧಿಯ ರದ್ದತಿಯನ್ನು ಟೀಕಿಸಿ ವಾಟ್ಸಾಪ್‌ನಲ್ಲಿ ಹಾಕಿದ ಸಾಲುಗಳಿಗಾಗಿ ಪೊಲೀಸು ಮೊಕದ್ದಮೆ ಎದುರಿಸಿದರು. ಬೊಂಬಾಯಿ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಲು ಒಪ್ಪಲಿಲ್ಲ. 2024ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಸರ್ಕಾರದ ನಿರ್ಧಾರವನ್ನು ಟೀಕಿಸುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆಯೆಂದಿತು. ಆದರೆ ದಿಲ್ಲಿಯವರೆಗೆ ನಡೆಯುವ ಶಕ್ತಿ ತಾಸಿನ ಲೆಕ್ಕದ ಅಧ್ಯಾಪಕನಿಗೆ ಎಲ್ಲಿಂದ ಬರಬೇಕು? ಅವನನ್ನು ಯಾರೂ ವಜಾ ಮಾಡುವುದಿಲ್ಲ. ಜೂನ್‌ನಲ್ಲಿ ಕರೆಯುವುದಿಲ್ಲ, ಅಷ್ಟೆ. ಕರೆಯದಿರುವುದರ ವಿರುದ್ಧ ಯಾವ ನ್ಯಾಯಮಂಡಳಿಗೆ ಹೋಗಬೇಕು? ದೇವನಾರದ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ 2024ರ ಜೂನ್ ಕೊನೆಯಲ್ಲಿ ಗುತ್ತಿಗೆಯ ಮೇಲಿದ್ದ ನೂರಕ್ಕೂ ಹೆಚ್ಚು ಅಧ್ಯಾಪಕರು ಮತ್ತು ಸಿಬ್ಬಂದಿಗೆ ಕೆಲಸ ಮುಗಿಯಿತೆಂಬ ಪತ್ರ ಬಂತು. ಗದ್ದಲವಾದ ಮೇಲೆ ಹಿಂತೆಗೆದುಕೊಂಡರು. ಅಲ್ಲಿ ಕಾರಣ ಅನುದಾನ, ಮಾತಲ್ಲ. ಆದರೂ ಅಂತಹ ಪತ್ರವನ್ನು ಒಮ್ಮೆ ಕೈಯಲ್ಲಿ ಹಿಡಿದವರು ಮುಂದೆ ಮಾತನಾಡುವಾಗ ಅದನ್ನು ಮರೆಯಬಲ್ಲರೇ?

ಕಾಯಂ ಕೆಲಸವೇ ಕವಚವೆಂದು ಹೇಳಲೂ ನನಗೆ ಧೈರ್ಯವಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಎಂ.ಎಂ. ಕಲಬುರ್ಗಿಯವರು 1989ರಲ್ಲಿ 'ಮಾರ್ಗ'ದಲ್ಲಿ ಶರಣರ ಚರಿತ್ರೆ ಕುರಿತು ಬರೆದುದನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡರು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಅಂದು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬರ್ಥದ ಮಾತನ್ನು ಅವರೇ ಆಡಿದರು. ಅವರ ಕೆಲಸ ಹೋಗಲಿಲ್ಲ. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. 2015ರ ಆಗಸ್ಟ್ 30ರಂದು ಮನೆಯ ಬಾಗಿಲಿಗೆ ಬಂದವರು ಗುಂಡಿಟ್ಟು ಕೊಂದರು.

ಹಾಗಾದರೆ ಅಧ್ಯಾಪಕ ಏನಂದರೂ ಸಹಿಸಬೇಕೇ ಎಂದು ಕೇಳುವವರಿಗೆ ನನ್ನದೇ ಅನುಭವ ಹೇಳುತ್ತೇನೆ. ನಾನು ಕಾಲೇಜು ಓದುವಾಗ ಅಧ್ಯಾಪಕರೊಬ್ಬರು ಹಾಜರಿ ಕೂಗುತ್ತ, ನನ್ನ ವಿಳಾಸ ಕಂಡು, ಮೂಗು ಮುಚ್ಚಿಕೊಂಡು ತರಗತಿಯನ್ನು ನಗಿಸಿದರು. ಅವರ ನೌಕರಿ ಹೋಗಲೆಂದು ಅಂದು ಮನಸಾರೆ ಹಾರೈಸಿದ್ದೆ. ಇಂದೂ ಅವರನ್ನು ಕ್ಷಮಿಸಿಲ್ಲ. ಆದರೆ ಅದು ಅಭಿಪ್ರಾಯವಲ್ಲ. ತನ್ನ ಕೈಕೆಳಗಿನ, ತಾನೇ ಅಂಕ ಹಾಕಬೇಕಾದ ಹುಡುಗನಿಗೆ ಮಾಡಿದ ಅವಮಾನ. ಅದಕ್ಕೆ ವಿಚಾರಣೆ ಬೇಕು, ಶಿಕ್ಷೆಯೂ ಬೇಕು. ಅದೇ ಅಧ್ಯಾಪಕರು ಸಂಜೆ ಶಿವಾಜಿ ಪಾರ್ಕಿನಲ್ಲಿ ನಿಂತು ಮೀಸಲಾತಿಯ ವಿರುದ್ಧ ಭಾಷಣ ಮಾಡಿದ್ದರೆ, ಎದುರು ಭಾಷಣ ಮಾಡುವ ಹಕ್ಕು ನನ್ನದಾಗುತ್ತಿತ್ತು, ಅವರ ಸಂಬಳ ನಿಲ್ಲಿಸೆನ್ನುವ ಹಕ್ಕಲ್ಲ. ಈ ಗೆರೆ ಎಳೆಯುವುದು ಯಾವಾಗಲೂ ಸುಲಭವಲ್ಲ. ಎಳೆಯಲೇಬೇಕು.

ಕೊನೆಗೆ ನಮ್ಮ ಸಂಘಗಳ ಮಾತು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಪ್ರತಿ ನೋಡಿ ಹೆದರಿ, ಸಮ್ಮೇಳನವನ್ನೇ ಕೈಬಿಟ್ಟಿತು. ಅವರು ಅದನ್ನು ತಾವೇ ಅಚ್ಚು ಹಾಕಿಸಿದರು. 'ಜಾತಿ ವಿನಾಶ' ಅದೇ. ಆಗ ಅವರು ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರು. ಸಂಬಳ ಕೊಡುವ ಪರಕೀಯ ಸರ್ಕಾರ ಕೆಲಸ ಕಿತ್ತುಕೊಳ್ಳಲಿಲ್ಲ, ಕರೆದ ಸುಧಾರಕರೇ ಬಾಗಿಲು ಮುಚ್ಚಿದರು. ನಾವೇನು ಭಿನ್ನರು? ಕೆಲ ವರ್ಷಗಳ ಹಿಂದೆ ಈ ನಗರದ ಕನ್ನಡ ಸಂಘಟನೆಯೊಂದು ಒಳನಾಡಿನ ಪ್ರಾಧ್ಯಾಪಕರೊಬ್ಬರನ್ನು ರಾಜ್ಯೋತ್ಸವಕ್ಕೆ ಕರೆದು, ಎರಡು ದೂರವಾಣಿ ಕರೆಗಳಿಗೆ ಬೆದರಿ ಬರಬೇಡಿರೆಂದಿತು. ಆ ಸಮಿತಿಯಲ್ಲಿ ನಾನೂ ಇದ್ದೆ. ವಿರೋಧಿಸಿ ಕೈ ಎತ್ತಲಿಲ್ಲ. ಹೊರನಾಡಿನಲ್ಲಿ ನಮಗೇಕೆ ರಗಳೆ ಎಂದಿದ್ದರು ಹಿರಿಯರು. ಆ ಮಾತು ಆಗ ವಿವೇಕದಂತೆಯೇ ಕೇಳಿಸಿತ್ತು.

ಬರುವ ವಾರ್ಷಿಕ ಮಹಾಸಭೆಯಲ್ಲಿ ನಾನೊಂದು ಸೂಚನೆ ಮಂಡಿಸಲಿದ್ದೇನೆ: ಕರೆದ ಅತಿಥಿಯನ್ನು ಅಭಿಪ್ರಾಯದ ಕಾರಣಕ್ಕೆ ಸಂಘ ಬೇಡವೆನ್ನಬಾರದು, ಬರಹಕ್ಕಾಗಿ ಕೆಲಸ ಕಳೆದುಕೊಂಡ ಕನ್ನಡಿಗ ಅಧ್ಯಾಪಕನಿಗೆ, ಅವನು ಯಾವ ಪಕ್ಷದವನಾದರೂ, ವಕೀಲರ ಖರ್ಚಿಗೆ ಸಂಘದ ನಿಧಿಯಿಂದ ಒಂದಿಷ್ಟು ಕೊಡಬೇಕು. ಬಿದ್ದುಹೋಗುವ ಸಂಭವವೇ ಹೆಚ್ಚು. ಸದಸ್ಯರು ಬಂದು ವಿರೋಧಿಸಿದರೂ ಸಂತೋಷವೇ.

ಅಚ್ಚಿಗೆ ಕೊಡುವ ಮೊದಲು ಈ ಬರಹವನ್ನು ಆ ಹುಡುಗನಿಗೆ ಓದಲು ಕೊಟ್ಟಿದ್ದೆ. ಎರಡು ವಾಕ್ಯಗಳನ್ನು ಪೆನ್ಸಿಲಿನಿಂದ ಹೊಡೆದು ಹಿಂದಿರುಗಿಸಿದ. ಅವು ಇಲ್ಲಿಲ್ಲ.